ಹುಯೆಯ ರಾಜಸಮಾಧಿಗಳಿಗೆ ಅರ್ಧ ದಿನ ಸಾಲುತ್ತದೆಯೇ? ಮಾರ್ಗದರ್ಶಿ ಬೇಕೇ?

ಪ್ರಶ್ನೆ: ಬಸವನಗುಡಿಯಿಂದ

ಎಲ್ಲರಿಗೂ ನಮಸ್ಕಾರ. ಬರುವ ಫೆಬ್ರವರಿಯ ಕೊನೆಯಲ್ಲಿ ನಾನು, ನನ್ನ ಪತ್ನಿ ಮತ್ತು 68 ವರ್ಷದ ನನ್ನ ತಾಯಿ ವಿಯೆಟ್ನಾಂ ಪ್ರವಾಸಕ್ಕೆ ಹೊರಟಿದ್ದೇವೆ. ಡನಾಂಗ್‌ನಲ್ಲಿ ನಾಲ್ಕು ರಾತ್ರಿ, ಹಳೆಯ ರಾಜಧಾನಿ ಹುಯೆಯಲ್ಲಿ ಎರಡು ರಾತ್ರಿ ತಂಗುವ ಏರ್ಪಾಡಾಗಿದೆ. ಹುಯೆಯಲ್ಲಿ ಸಿಗುವ ಒಂದು ಪೂರ್ತಿ ದಿನವನ್ನು ಕೋಟೆ ಮತ್ತು ಅರಮನೆಗೆಂದು ಇಟ್ಟುಕೊಂಡಿದ್ದೇವೆ. ಮರುದಿನ ಮಧ್ಯಾಹ್ನ ರೈಲಿನಲ್ಲಿ ಡನಾಂಗ್‌ಗೆ ಮರಳಬೇಕಾಗಿರುವುದರಿಂದ, ನುಯೆನ್ ವಂಶದ ಅರಸರ ಸಮಾಧಿಗಳಿಗೆ ಉಳಿಯುವುದು ಬೆಳಗಿನ ಹೊತ್ತು ಮಾತ್ರ.

ವಿಚಾರಿಸಿದಾಗ ಎರಡು ಬಗೆಯ ಏರ್ಪಾಡುಗಳಿವೆ ಎಂದು ತಿಳಿಯಿತು. ಒಂದು, ಬೆಳಗ್ಗೆ 8 ಗಂಟೆಗೆ ಹೊರಟು 12.30ಕ್ಕೆ ಮರಳುವ ವ್ಯಾನು. ಹತ್ತು ಹದಿನೈದು ಜನರ ಗುಂಪು, ಒಬ್ಬ ಮಾರ್ಗದರ್ಶಿ, ಮಿನ್ ಮಾಂಗ್, ಖಾಯ್ ಡಿನ್ ಮತ್ತು ತು ಡುಕ್ ಎಂಬ ಮೂವರು ಅರಸರ ಸಮಾಧಿಗಳು. ಇನ್ನೊಂದು, ನಮಗಷ್ಟೇ ಒಂದು ಕಾರು, ಜೊತೆಗೊಬ್ಬ ಮಾರ್ಗದರ್ಶಿ. ಇದಕ್ಕೆ ಹಣ ಹೆಚ್ಚು. ನಾಲ್ಕೂವರೆ ಗಂಟೆಯಲ್ಲಿ ಮೂರನ್ನೂ ನೋಡಿದರೆ ನೋಡಿದಂತಾಗುತ್ತದೆಯೇ? ತಾಯಿಯವರಿಗೆ ಮಂಡಿನೋವಿದೆ. ನಿಧಾನವಾಗಿ ನಡೆಯಬಲ್ಲರು, ಆದರೆ ಮೆಟ್ಟಿಲು ಹತ್ತುವುದು ಕಷ್ಟ.

ಇನ್ನೊಂದು ಸಂಕೋಚದ ಮಾತನ್ನೂ ಹೇಳಿಬಿಡುತ್ತೇನೆ. "ಅಷ್ಟು ದೂರ ಹೋಗಿ ಸಮಾಧಿ ನೋಡಬೇಕೇನಪ್ಪಾ? ನೋಡಿ ಬಂದ ಮೇಲೆ ಸ್ನಾನ ಮಾಡದೆ ಊಟಕ್ಕೆ ಕೂರುವುದು ಹೇಗೆ?" ಎಂದು ಅಮ್ಮ ಕೇಳಿದ್ದಾರೆ. ಅವರ ಮನಸ್ಸಿಗೆ ನೋವು ಮಾಡಿ ಕರೆದುಕೊಂಡು ಹೋಗುವ ಇಚ್ಛೆ ನನಗಿಲ್ಲ. ಹೋಗಿ ಬಂದವರು ಇದ್ದದ್ದನ್ನು ಇದ್ದಂತೆ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಮಲ್ಲೇಶ್ವರದಿಂದ

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವನು. ನಿವೃತ್ತನಾದ ಮೇಲೆ ಹುಯೆಯಲ್ಲಿ ಆರು ದಿನ ಇದ್ದು ಬಂದೆ. ತಾಯಿಯವರ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ತೀರ್ಮಾನವಾದರೆ ಉಳಿದ ಪ್ರಶ್ನೆಗಳು ಸುಲಭವಾಗುತ್ತವೆ.

ಸಮಾಧಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಚಿತ್ರಕ್ಕೂ ಅಲ್ಲಿರುವುದಕ್ಕೂ ಬಹಳ ವ್ಯತ್ಯಾಸವಿದೆ. ಹೆಚ್ಚಿನ ಸಮಾಧಿಗಳು ಗುಡ್ಡ, ಕೆರೆ ಮತ್ತು ಮರಗಳ ನಡುವೆ ಹರಡಿಕೊಂಡ ದೊಡ್ಡ ಆವರಣಗಳು. ಕಲ್ಲಿನ ಆನೆ, ಕುದುರೆ, ಅಧಿಕಾರಿಗಳು ಎರಡು ಸಾಲಾಗಿ ನಿಂತಿರುವ ಅಂಗಳ, ಅರಸನ ಚರಿತ್ರೆಯನ್ನು ಕೊರೆದ ಶಾಸನದ ಮಂಟಪ, ಅರಸನಿಗೂ ರಾಣಿಗೂ ಪೂಜೆ ಸಲ್ಲುವ ಗುಡಿ, ಹೂಳಿದ ಜಾಗ, ಇಷ್ಟು ಸಾಮಾನ್ಯವಾಗಿ ಇರುತ್ತವೆ. ಹೂಳಿದ ಜಾಗದೊಳಕ್ಕೆ ಬಹುಮಟ್ಟಿಗೆ ಯಾರಿಗೂ ಪ್ರವೇಶವಿಲ್ಲ. ಮಿನ್ ಮಾಂಗನನ್ನು ಮಣ್ಣು ಮಾಡಿದ ದಿಬ್ಬದ ಸುತ್ತ ದುಂಡನೆಯ ಗೋಡೆಯಿದೆ, ಅದರ ಬಾಗಿಲಿಗೆ ಬೀಗ ಹಾಕಿರುತ್ತಾರೆ, ದಿಬ್ಬದ ಮೇಲೆ ಪೈನ್ ಮರಗಳು ಬೆಳೆದಿವೆ. ತು ಡುಕ್‌ನ ದೇಹ ನಿಜವಾಗಿ ಎಲ್ಲಿದೆ ಎಂಬುದು ಇಂದಿಗೂ ಯಾರಿಗೂ ತಿಳಿಯದು.

ವಿಯೆಟ್ನಾಮಿನವರು ಹಿರಿಯರ ಮರಣದಿನವನ್ನು ಚಾಂದ್ರಮಾನದ ಲೆಕ್ಕದಲ್ಲೇ ಪ್ರತಿವರ್ಷ ಆಚರಿಸುತ್ತಾರೆ. ಎಡೆ ಇಟ್ಟು, ಊದುಬತ್ತಿ ಹಚ್ಚಿ, ಬಂಧುಗಳೆಲ್ಲ ಕೂಡಿ ಊಟ ಮಾಡುತ್ತಾರೆ. ನಮ್ಮ ತಿಥಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಾಯಿಯವರು ಮಂತ್ರಾಲಯದ ಬೃಂದಾವನಕ್ಕೋ ಮಡಿಕೇರಿಯ ಗದ್ದುಗೆಗೋ ಹೋಗಿದ್ದರೆ, ಅದೇ ಮನಸ್ಸಿನಿಂದ ಇಲ್ಲಿಗೂ ಹೋಗಬಹುದು. ಮಡಿಕೇರಿಯ ಗದ್ದುಗೆಯಲ್ಲಿರುವ ಕೊಡಗಿನ ಅರಸ ಲಿಂಗರಾಜೇಂದ್ರ ತೀರಿಕೊಂಡದ್ದು 1820ರಲ್ಲಿ. ನುಯೆನ್ ವಂಶವನ್ನು 1802ರಲ್ಲಿ ಸ್ಥಾಪಿಸಿದ ಜಿಯಾ ಲಾಂಗ್ ತೀರಿಕೊಂಡದ್ದೂ ಅದೇ ವರ್ಷ. ಎರಡೂ ವಂಶಗಳ ಕಡೆಯ ಅರಸರು ಸಿಂಹಾಸನ ಕಳೆದುಕೊಂಡು ಪರದೇಶದಲ್ಲಿ ಕಣ್ಣುಮುಚ್ಚಿದರು: ಚಿಕ್ಕವೀರರಾಜೇಂದ್ರ 1859ರಲ್ಲಿ ಲಂಡನ್ನಿನಲ್ಲಿ, ಬಾವೋ ದಾಯ್ 1997ರಲ್ಲಿ ಪ್ಯಾರಿಸ್ಸಿನಲ್ಲಿ. ಕಾಲೇಜಿನಲ್ಲಿ ಇದನ್ನು ಹೇಳಲು ನನಗೆ ಅವಕಾಶ ಸಿಗಲಿಲ್ಲ, ಆದ್ದರಿಂದ ಇಲ್ಲಿ ಹೇಳುತ್ತಿದ್ದೇನೆ.

ಈಗ ಎಷ್ಟು ನೋಡಬೇಕೆಂಬ ಪ್ರಶ್ನೆ. ಅರ್ಧ ದಿನಕ್ಕೆ ಎರಡು ಸಾಕು, ಮತ್ತು ಆ ಎರಡರಲ್ಲಿ ಒಂದು ತು ಡುಕ್‌ನದೇ ಆಗಿರಲಿ. ಉಳಿದವು ಮುಖ್ಯವಾಗಿ ಅರಸನ ಸಾವಿನ ನಂತರಕ್ಕೆಂದು ಕಟ್ಟಿದವು. ಇದು ಬದುಕಿದ್ದ ಅರಸ ತಾನು ಉಳಿಯಲೆಂದು ಕಟ್ಟಿಸಿಕೊಂಡ ತೋಟದ ಮನೆಯೂ ಹೌದು. 1864ರಿಂದ 1867ರವರೆಗೆ ಕಟ್ಟಿಸಿ, 1883ರಲ್ಲಿ ಸಾಯುವವರೆಗೂ ಅವನು ಇಲ್ಲಿಗೆ ಬಂದು ಹೋಗುತ್ತಿದ್ದ. ಕೆರೆಯ ಮೇಲೆ ಕಂಬಗಳ ಮೇಲೆ ನಿಂತ ಮರದ ಮಂಟಪವಿದೆ. ಅಲ್ಲಿ ಕುಳಿತು ಪದ್ಯ ಬರೆಯುತ್ತಿದ್ದನಂತೆ. ಒಂದು ಸಣ್ಣ ನಾಟಕಶಾಲೆಯೂ ಇದೆ.

ಇದನ್ನು ಕಟ್ಟಿದವರ ಕಥೆ ಬೇರೆ. ದುಡಿಮೆ ಎಷ್ಟು ಕಠಿಣವಾಗಿತ್ತೆಂದರೆ, 1866ರಲ್ಲಿ ಕೆಲಸದವರು ಗಾರೆ ಕುಟ್ಟುವ ಒನಕೆಗಳನ್ನೇ ಆಯುಧ ಮಾಡಿಕೊಂಡು ಬಂಡೆದ್ದರು. ಆ ದಂಗೆಗೆ ಇಂದಿಗೂ ಅಲ್ಲಿ ಒನಕೆಯ ಹೆಸರೇ ಇದೆ. ದಂಗೆಯನ್ನು ಅಡಗಿಸಿದ ಮೇಲೆ ಅರಸನು ಈ ಆವರಣಕ್ಕೆ 'ಖಿಯೆಮ್' ಎಂದು ಹೊಸ ಹೆಸರಿಟ್ಟ. ಖಿಯೆಮ್ ಎಂದರೆ ವಿನಯ. ಕೆರೆ, ಮಂಟಪ, ಗುಡಿ, ಬಾಗಿಲು ಎಲ್ಲದರ ಹೆಸರಿನಲ್ಲೂ ಆ ಪದ ಬರುತ್ತದೆ. ಮಾರ್ಗದರ್ಶಿ ಜೊತೆಗಿಲ್ಲದಿದ್ದರೆ ಇವೆಲ್ಲ ಬರಿಯ ಗೋಡೆ ಮತ್ತು ನೀರು, ಅಷ್ಟೇ. ಆದ್ದರಿಂದ ಮಾರ್ಗದರ್ಶಿ ಖಂಡಿತ ಬೇಕು.

ಅಲ್ಲಿ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಶಾಸನದ ಮಂಟಪ. ಸುಮಾರು 20 ಟನ್ ತೂಕದ ಒಂದೇ ಕಲ್ಲು, ಅದರ ಮೇಲೆ 4,935 ಅಕ್ಷರಗಳು. ಅರಸನ ಸಮಾಧಿಗೆ ಶಾಸನ ಬರೆಸುವುದು ಮಗನ ಕರ್ತವ್ಯ. ತು ಡುಕ್‌ಗೆ ನೂರಕ್ಕೂ ಹೆಚ್ಚು ಪತ್ನಿಯರಿದ್ದರೂ ಮಕ್ಕಳಾಗಲಿಲ್ಲ, ಸಹೋದರರ ಮಕ್ಕಳನ್ನು ದತ್ತು ತೆಗೆದುಕೊಂಡಿದ್ದ. ಹಾಗಾಗಿ ತನ್ನ ಶಾಸನವನ್ನು ತಾನೇ ಬರೆದ. ಅವನ ಕಾಲದಲ್ಲೇ, 1862ರ ಒಪ್ಪಂದದಿಂದ ಮೊದಲುಗೊಂಡು, ದಕ್ಷಿಣದ ಪ್ರಾಂತ್ಯಗಳು ಫ್ರೆಂಚರ ಪಾಲಾದವು. ಆ ನಷ್ಟವನ್ನೂ ತನ್ನ ತಪ್ಪುಗಳನ್ನೂ ಕಾಯಿಲೆಗಳನ್ನೂ ಅವನು ಕಲ್ಲಿನಲ್ಲಿ ಒಪ್ಪಿಕೊಂಡಿದ್ದಾನೆ. ನಮ್ಮ ಶಾಸನಗಳಲ್ಲಿ ಬಿರುದಿನ ಮೇಲೆ ಬಿರುದು ಓದಿ ಅಭ್ಯಾಸವಾದ ನನಗೆ, ಒಬ್ಬ ಅರಸ ತನ್ನ ಸೋಲನ್ನು ಕೊರೆಸಿ ನಿಲ್ಲಿಸಿದ್ದನ್ನು ನೋಡಿ ಮಾತು ಹೊರಡಲಿಲ್ಲ. ಅಕ್ಷರ ಓದಲು ಬಾರದಿದ್ದರೂ ಅಂಚಿನ ಒಂದು ಸಾಲನ್ನು ಮೇಲಿನಿಂದ ಕೆಳಗಿನವರೆಗೆ ಕಣ್ಣಿನಲ್ಲೇ ಹಿಂಬಾಲಿಸಿದೆ.

ಎರಡನೆಯದಾಗಿ ಮಿನ್ ಮಾಂಗನ ಸಮಾಧಿಯನ್ನು ನೋಡಿ. ಊರಿನಿಂದ ಸುಮಾರು 12 ಕಿಲೋಮೀಟರ್, ಎರಡು ಹೊಳೆಗಳು ಕೂಡಿ ಸುಗಂಧ ನದಿಯಾಗುವ ಸಂಗಮದ ಬಳಿ. ಜಾಗ ಹುಡುಕುವುದರಲ್ಲೇ ವರ್ಷಗಳು ಕಳೆದು, 1840ರಲ್ಲಿ ಕೆಲಸ ಶುರುವಾಯಿತು; ಮರುವರ್ಷದ ಜನವರಿಯಲ್ಲೇ ಅರಸ ತೀರಿಕೊಂಡ, ಮಗ ಥಿಯೆವ್ ಚಿ 1843ರಲ್ಲಿ ಮುಗಿಸಿದ. ಹೆಬ್ಬಾಗಿಲಿನಿಂದ ದಿಬ್ಬದವರೆಗೆ 700 ಮೀಟರ್ ಉದ್ದದ ಒಂದೇ ನೇರ ಗೆರೆ. ಸುಮಾರು ನಲವತ್ತು ಕಟ್ಟಡಗಳು ಆ ಗೆರೆಯ ಎರಡು ಬದಿಗೆ ತೂಕ ತಪ್ಪದಂತೆ ಕೂತಿವೆ. ಹೆಬ್ಬಾಗಿಲಿನಲ್ಲಿ ಮೂರು ದ್ವಾರಗಳಿವೆ. ನಡುವಿನದನ್ನು ಅರಸನ ಶವಪೆಟ್ಟಿಗೆ ಒಳಗೆ ಬಂದಾಗ ಒಮ್ಮೆ ತೆರೆದು ಮುಚ್ಚಿದರು, ಮತ್ತೆ ತೆರೆದಿಲ್ಲ. ಎಲ್ಲರೂ ಪಕ್ಕದ ಬಾಗಿಲಿನಿಂದಲೇ ಹೋಗಬೇಕು.

ಖಾಯ್ ಡಿನ್‌ನದನ್ನು ಬಿಡಿ ಎನ್ನುವುದಕ್ಕೆ ಕಾರಣ ತಾಯಿಯವರ ಮಂಡಿ: ಅಲ್ಲಿ 127 ಮೆಟ್ಟಿಲುಗಳಿವೆ.

ಉತ್ತರ: ವಿಜಯನಗರದಿಂದ

ಮಲ್ಲೇಶ್ವರದ ಹಿರಿಯರ ಮಾತನ್ನು ಒಪ್ಪುತ್ತೇನೆ, ಆದರೆ ಖಾಯ್ ಡಿನ್‌ನ ಪರವಾಗಿ ಎರಡು ಮಾತು ಹೇಳದಿರಲಾರೆ. ನಾನು ಕಟ್ಟಡ ವಿನ್ಯಾಸದ ಕೆಲಸದಲ್ಲಿರುವವಳು. ಮೂರರಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಅದೇ.

1920ರಲ್ಲಿ ಆರಂಭವಾಗಿ 1931ರಲ್ಲಿ ಮುಗಿದ ಕಟ್ಟಡವದು. ಮಿನ್ ಮಾಂಗನ ವಿಸ್ತಾರದ ಮುಂದೆ ಬಹಳ ಚಿಕ್ಕದು. ಆದರೂ ಹನ್ನೊಂದು ವರ್ಷ ಹಿಡಿಯಿತು, ಜನರ ಮೇಲೆ ಶೇ. 30ರಷ್ಟು ಹೆಚ್ಚುವರಿ ತೆರಿಗೆಯನ್ನೂ ಹೊರಿಸಿತು. ಹೊರಗಿನಿಂದ ನೋಡಿದರೆ ಮಳೆಗೆ ಕಪ್ಪಾದ ಕಾಂಕ್ರೀಟು, ಕಬ್ಬಿಣದ ಗೇಟು, ಯುರೋಪಿನ ಕಂಬಗಳು. ಒಳಗೆ ಕಾಲಿಟ್ಟರೆ ಗೋಡೆಯಲ್ಲಿ ಅಂಗೈಯಗಲ ಜಾಗವೂ ಖಾಲಿ ಇಲ್ಲ. ಎಲ್ಲವೂ ಪಿಂಗಾಣಿ ಮತ್ತು ಗಾಜಿನ ಚೂರುಗಳನ್ನು ಕೂರಿಸಿದ ಕುಸುರಿ. ಹತ್ತಿರ ಹೋಗಿ ನೋಡಿದೆ: ಒಂದು ಹೂವಿನ ಎಸಳಾಗಿ ಕೂತಿದ್ದ ನೀಲಿ ಚೂರಿಗೆ ಬಟ್ಟಲಿನ ಅಂಚಿನ ಬಾಗು ಹಾಗೆಯೇ ಉಳಿದಿತ್ತು. ಅದನ್ನು ಚಪ್ಪಟೆ ಮಾಡದೆ, ಆ ಬಾಗನ್ನೇ ಎಸಳಿನ ಬಾಗಾಗಿ ಬಳಸಿಕೊಂಡಿದ್ದರು. ಅರಸನ ಕಂಚಿನ ಪ್ರತಿಮೆಯ ಮೇಲಿರುವ ಛತ್ರಿ ರೇಷ್ಮೆಯಂತೆ ಜೋಲಾಡುತ್ತಿದೆ ಎನ್ನಿಸುತ್ತದೆ, ಆದರೆ ಅದೂ ಕಾಂಕ್ರೀಟೇ, ಸುಮಾರು ಒಂದು ಟನ್ ತೂಕದ್ದು. ಅರಸನನ್ನು ಹೂಳಿರುವುದು ಆ ಪ್ರತಿಮೆಯ ಕೆಳಗೆ, ನೆಲದಾಳದಲ್ಲಿ. ನೀವೂ ನಿಮ್ಮ ಪತ್ನಿಯವರೂ ಸರದಿಯ ಮೇಲೆ ಹತ್ತಿ ಬಂದರೆ, ಒಬ್ಬರು ತಾಯಿಯವರ ಜೊತೆ ಕೆಳಗೆ ಕುಳಿತಿರಬಹುದು. ಎದುರಿಗೇ ನೆರಳಿರುವ ಅಂಗಡಿಗಳಿವೆ.

ಗುಂಪಿನ ವ್ಯಾನಿನ ಬಗ್ಗೆ ನನ್ನ ಅನುಭವ ಹೇಳಬೇಕು. ನಾವು ಹೋದ ತಂಡದಲ್ಲಿ ಹದಿನಾಲ್ಕು ಜನ. ಎಲ್ಲರನ್ನೂ ಅವರವರ ಹೋಟೆಲಿನಿಂದ ಹತ್ತಿಸಿಕೊಳ್ಳುವುದರಲ್ಲೇ ಮುಕ್ಕಾಲು ಗಂಟೆ ಹೋಯಿತು. ನಡುವೆ ಒಂದು ಮಾರಾಟದ ಮಳಿಗೆಯಲ್ಲಿ ಅರ್ಧ ಗಂಟೆ ನಿಲ್ಲಿಸಿದರು. ಕೊನೆಯದಾದ ತು ಡುಕ್‌ಗೆ ಉಳಿದದ್ದು 25 ನಿಮಿಷ. ಕೆರೆಯನ್ನು ನೋಡಿದೆವು, ಶಾಸನದ ಮಂಟಪದವರೆಗೆ ಹೋಗಲೇ ಇಲ್ಲ. ಆ ಕಲ್ಲಿನ ವಿಷಯವನ್ನು ನಾನು ತಿಳಿಯುತ್ತಿರುವುದು ಇಂದು, ಈ ಪುಟದಲ್ಲಿ. ಅದಕ್ಕೇ ಹೇಳುತ್ತೇನೆ, ನಿಮ್ಮ ಸಮಯ ನಿಮ್ಮ ಕೈಯಲ್ಲಿರುವ ಕಾರನ್ನೇ ಗೊತ್ತುಮಾಡಿಕೊಳ್ಳಿ. ಗೊತ್ತುಮಾಡುವಾಗಲೇ ಎರಡು ಸಂಗತಿಗಳನ್ನು ಬರೆದು ಕೇಳಿ: ಟಿಕೆಟ್ಟಿನ ಹಣ ಸೇರಿದೆಯೇ, ಮತ್ತು ದಾರಿಯಲ್ಲಿ ಅಂಗಡಿಗಳಲ್ಲಿ ನಿಲ್ಲಿಸುತ್ತಾರೆಯೇ. ನಾವು ಹೋದಾಗ ಈ ಮೂರರಲ್ಲಿ ಪ್ರತಿಯೊಂದಕ್ಕೂ ಒಬ್ಬರಿಗೆ 1,50,000 ಡಾಂಗ್, ಅಂದರೆ ಸುಮಾರು 500 ರೂಪಾಯಿ ಟಿಕೆಟ್ ಇತ್ತು. ಅರಮನೆಯನ್ನೂ ಸಮಾಧಿಗಳನ್ನೂ ಸೇರಿಸಿ ಕೊಡುವ ಒಟ್ಟು ಟಿಕೆಟ್ ಕೂಡ ಇದೆ. ನೀವು ಹಿಂದಿನ ದಿನವೇ ಅರಮನೆ ನೋಡುವುದರಿಂದ ಅಲ್ಲಿಯೇ ಅದನ್ನು ಕೇಳಿ ಪಡೆಯುವುದು ಲಾಭ.

ಸಾಧ್ಯವಾದರೆ 7 ಗಂಟೆಗೇ ಹೊರಡಿ. ಆ ಹೊತ್ತಿಗೆ ಮಿನ್ ಮಾಂಗನ ಕೆರೆಯ ದಂಡೆಯಲ್ಲಿ ನಿಮ್ಮನ್ನು ಬಿಟ್ಟರೆ ಗುಡಿಸುವವರು ಮಾತ್ರ ಇರುತ್ತಾರೆ. ದೇವಕಣಗಿಲೆ ಮರಗಳ ಎಲೆ ಫೆಬ್ರವರಿಯಲ್ಲಿ ಉದುರಿರುತ್ತದೆ. ಬೋಳು ಕೊಂಬೆಗಳ ನೆರಳು ನೀರಿನ ಮೇಲೆ ಬೀಳುವುದನ್ನು ತಾಯಿಯವರು ಕುಳಿತು ನೋಡಬಹುದು. ದಾರಿ ಉದ್ದವಾದರೂ ಬಹುಪಾಲು ಸಮತಟ್ಟು. ಗುಡಿ, ಮಂಟಪ ಮತ್ತು ದಿಬ್ಬದ ಮುಂದೆ ಮೆಟ್ಟಿಲುಗಳಿವೆ.

ಊಟದ ಚಿಂತೆ ಬೇಡ. ಹುಯೆ ಬೌದ್ಧರ ಊರು. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಹೊತ್ತಿಗೆ ಬಹಳ ಮನೆಗಳಲ್ಲಿ ಸಸ್ಯಾಹಾರವೇ. 'ಚಾಯ್' ಎಂದು ಫಲಕವಿರುವ ಹೋಟೆಲುಗಳಲ್ಲಿ ಮಾಂಸವಿರುವುದಿಲ್ಲ. ಬೇರೆ ಹೋಟೆಲುಗಳಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ರಸ ಹಾಕುವುದುಂಟು, ಕೇಳದೆ ತಿನ್ನಬೇಡಿ.

ಉತ್ತರ: ಮಾಗಡಿ ರಸ್ತೆಯಿಂದ

ತು ಡುಕ್‌ನ ಸಮಾಧಿಗೆ ಹೋಗುವ ದಾರಿಯಲ್ಲೇ ಥುಯ್ ಸುವಾನ್ ಎಂಬ ಊದುಬತ್ತಿಯ ಊರಿದೆ. ಅದನ್ನು ಅಂಗಡಿಯ ನಿಲುಗಡೆ ಎಂದು ತಳ್ಳಿಹಾಕಬೇಡಿ. ನಮ್ಮದು ಎರಡು ತಲೆಮಾರಿನಿಂದ ಅಗರಬತ್ತಿಯ ಕಸುಬು, ಆದ್ದರಿಂದ ಸ್ವಲ್ಪ ಅಭಿಮಾನದಿಂದಲೇ ಹೇಳುತ್ತಿದ್ದೇನೆ.

ಬೆಂಗಳೂರು ಮತ್ತು ಮೈಸೂರಿನ ಬತ್ತಿಗೂ ವಿಯೆಟ್ನಾಮಿಗೂ ಇರುವ ನಂಟು ಬಹಳ ಜನರಿಗೆ ಗೊತ್ತಿಲ್ಲ. ನಾವು ಬಳಸುತ್ತಿದ್ದ ದುಂಡನೆಯ ಬಿದಿರು ಕಡ್ಡಿಯಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಬರುತ್ತಿತ್ತು. ಹೊಸೆದ ಕಚ್ಚಾ ಬತ್ತಿಯೂ ಬರುತ್ತಿತ್ತು. 2019ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಬತ್ತಿಯ ಆಮದಿಗೆ ನಿರ್ಬಂಧ ಹಾಕಿತು, 2020ರಲ್ಲಿ ಬಿದಿರು ಕಡ್ಡಿಯ ಸುಂಕವನ್ನು ಶೇ. 10ರಿಂದ 25ಕ್ಕೆ ಏರಿಸಿತು. ಅಲ್ಲಿಯವರೆಗೆ ಆ ದೇಶ ನನಗೆ ಗೋಣಿಚೀಲದ ಮೇಲಿನ ಹೆಸರಾಗಿತ್ತಷ್ಟೆ.

ಥುಯ್ ಸುವಾನ್‌ನಲ್ಲಿ ಬುಡಕ್ಕೆ ಕೆಂಪು, ಹಳದಿ, ನೇರಳೆ, ಹಸಿರು ಬಣ್ಣ ಹಚ್ಚಿದ ಕಡ್ಡಿಗಳ ಕಟ್ಟನ್ನು ನಡುವಿನಲ್ಲಿ ಬಿಗಿದು, ತುದಿಯನ್ನು ಬಿಚ್ಚಿ, ಹೂವಿನಂತೆ ರಸ್ತೆಯಂಚಿನಲ್ಲಿ ನಿಲ್ಲಿಸಿರುತ್ತಾರೆ. ಎಲ್ಲರೂ ಅದರ ಫೋಟೋ ತೆಗೆಯುತ್ತಾರೆ. ನಾನು ನೋಡಿದ್ದು ಹೊಸೆಯುವ ಕೈಯನ್ನು. ಒಬ್ಬ ಹೆಂಗಸು ಹಸಿ ಹಿಟ್ಟಿನ ಉಂಡೆಯನ್ನು ಕಡ್ಡಿಗೆ ಮೆತ್ತಿ, ಚಪ್ಪಟೆಯಾದ ಹಲಗೆಯ ತುಂಡಿನಿಂದ ಒಂದೇ ಸಲ ಮುಂದಕ್ಕೆ ತಳ್ಳಿದಳು. ಹಿಟ್ಟು ತುದಿಯವರೆಗೆ ಸಮನಾಗಿ ಹರಡಿತು. ನಮ್ಮಲ್ಲಿ ಅಂಗೈಯಿಂದ ಹೊಸೆಯುತ್ತಾರೆ, ಆದರೆ ಕೊನೆಯಲ್ಲಿ ಕೈ ಎತ್ತುವ ಆ ಚಿಕ್ಕ ಚಲನೆ ಒಂದೇ. ನನ್ನ ಅಜ್ಜಿ ಸಾವಿರ ಕಡ್ಡಿಗೆ ಇಷ್ಟು ಎಂಬ ಕೂಲಿಗೆ ಹೊಸೆಯುತ್ತಿದ್ದವರು. ಆ ಹೆಂಗಸಿನ ಮುಂದೆ ಕುಳಿತು ನಾನೂ ನಾಲ್ಕು ಕಡ್ಡಿ ಹೊಸೆದೆ. ಹಿಟ್ಟಿನಲ್ಲಿ ದಾಲ್ಚಿನ್ನಿಯ ವಾಸನೆ ದಟ್ಟವಾಗಿತ್ತು. ಅಂಟಿಗೆ ಅವರೂ ಮರದ ತೊಗಟೆಯ ಪುಡಿಯನ್ನೇ ಹಾಕುತ್ತಾರೆ, ನಾವು ಜಿಗಟು ಎನ್ನುವ ಅದೇ ಬಗೆಯದು.

ಇಪ್ಪತ್ತು ನಿಮಿಷ ಸಾಕು. ನಿಮ್ಮ ತಾಯಿಯವರಿಗೆ ಇದು ಖಂಡಿತ ಹಿಡಿಸುತ್ತದೆ.

ಪ್ರಶ್ನೆ ಕೇಳಿದವರಿಂದ: ಬಸವನಗುಡಿ

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ನಿನ್ನೆ ರಾತ್ರಿ ಊಟದ ಹೊತ್ತಿನಲ್ಲಿ ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ತಿಥಿಯ ವಿಷಯ ಬಂದಾಗ "ಅವರೂ ಎಡೆ ಇಡುತ್ತಾರೆಯೇ?" ಎಂದು ಎರಡು ಸಲ ಕೇಳಿದರು. ಮಕ್ಕಳಿಲ್ಲದ ಅರಸ ತನ್ನ ಶಾಸನವನ್ನು ತಾನೇ ಬರೆದುಕೊಂಡದ್ದನ್ನು ಓದಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಕಲ್ಲನ್ನು ನೋಡಬೇಕು" ಎಂದರು. ಸ್ನಾನದ ಮಾತು ಮತ್ತೆ ಬರಲಿಲ್ಲ. ರೈಲು ಮಧ್ಯಾಹ್ನವಾದ್ದರಿಂದ ಹೋಟೆಲಿಗೆ ಮರಳಿ ಸ್ನಾನ ಮಾಡುವಷ್ಟು ಸಮಯವನ್ನು ನಾನಂತೂ ಇಟ್ಟುಕೊಂಡಿದ್ದೇನೆ.

ಕಾರನ್ನೇ ಗೊತ್ತುಮಾಡಲು ನಿರ್ಧರಿಸಿದ್ದೇವೆ. 7 ಗಂಟೆಗೆ ಹೊರಟು ಮೊದಲು ಮಿನ್ ಮಾಂಗ್, ನಂತರ ಊದುಬತ್ತಿಯ ಊರು, ಕೊನೆಗೆ ತು ಡುಕ್. ಖಾಯ್ ಡಿನ್ ದಾರಿಯಲ್ಲೇ ಸಿಗುವುದಾದರೆ ನನ್ನ ಪತ್ನಿ ಮಾತ್ರ ಹತ್ತಿ ಬರುತ್ತಾಳೆ. ಇನ್ನೊಂದೇ ಸಂದೇಹ: ಫೆಬ್ರವರಿಯ ಕೊನೆಯಲ್ಲಿ ಮಳೆ ಇರುತ್ತದೆಯೇ? ತು ಡುಕ್ ಕೊನೆಗೆ ಇರುವುದು ಸರಿಯೇ?

ಉತ್ತರ: ಮಲ್ಲೇಶ್ವರದಿಂದ

ಹುಯೆಯಲ್ಲಿ ಜೋರು ಮಳೆ ಅಕ್ಟೋಬರ್ ಮತ್ತು ನವೆಂಬರ್ ತಿಂಗಳದು; ಆಗ ನದಿ ಉಕ್ಕಿ ಊರೊಳಗೆ ನೀರು ಬರುವುದೂ ಉಂಟು. ಫೆಬ್ರವರಿಯ ಕೊನೆಯಲ್ಲಿ ಹೆಚ್ಚೆಂದರೆ ಸೋನೆ, ಬೆಳಗಿನಲ್ಲಿ ತೆಳುವಾದ ಚಳಿ. ತಾಯಿಯವರಿಗೆ ಒಂದು ಶಾಲು, ಎಲ್ಲರಿಗೂ ಜಾರದ ಚಪ್ಪಲಿ ಇರಲಿ. ಹಳೆಯ ಇಟ್ಟಿಗೆಯ ನೆಲದ ಮೇಲೆ ಪಾಚಿ ಕಟ್ಟಿರುತ್ತದೆ.

ನಿಮ್ಮ ಕ್ರಮ ಸರಿಯಾಗಿದೆ. ದೂರದ್ದನ್ನು ಮೊದಲು ಮುಗಿಸಿ ಊರಿನ ಕಡೆಗೆ ಬರುತ್ತೀರಿ. ತು ಡುಕ್‌ನಿಂದ ಹುಯೆಗೆ ಉಳಿಯುವುದು ಆರೇಳು ಕಿಲೋಮೀಟರ್ ಮಾತ್ರ. ಖಾಯ್ ಡಿನ್ ನಡುವೆ ಸಿಗುತ್ತದೆ. ವಿಜಯನಗರದ ತಂಗಿ ಹೇಳಿದ ಆ ನೀಲಿ ಚೂರನ್ನು ನಿಮ್ಮ ಪತ್ನಿಯವರು ಹುಡುಕಲಿ. ನಾನು ಅಲ್ಲಿ ಹೋಗಿಯೂ ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ತು ಡುಕ್‌ನ ಆವರಣದೊಳಗೆ ಹೋದಾಗ ಮಾರ್ಗದರ್ಶಿಗೆ ಮೊದಲೇ ತಿಳಿಸಿಬಿಡಿ: ಕೆರೆ ಮತ್ತು ಗುಡಿ ಒಂದು ಕಡೆ, ಶಾಸನ ಮತ್ತು ಸಮಾಧಿ ಇನ್ನೊಂದು ಕಡೆ ಇವೆ, ಅನೇಕರು ಗುಡಿ ನೋಡಿ ಹಿಂದಿರುಗಿಬಿಡುತ್ತಾರೆ. ಮೊದಲು ಶಾಸನದ ಮಂಟಪಕ್ಕೆ ಹೋಗಿ, ತಾಯಿಯವರ ಕಾಲಿನಲ್ಲಿ ಶಕ್ತಿ ಇರುವಾಗಲೇ ಆ ಕಲ್ಲನ್ನು ತೋರಿಸಿ. ಕೆರೆಯ ದಂಡೆಗೆ ಆಮೇಲೆ ಬಂದು ಕುಳಿತುಕೊಳ್ಳಬಹುದು.